ಬಾಯಿ ತೆಗೆದು ಕರೆಯುವುದು

ಕೆಲವರಿಗೆ ಹಾವಿನ ಹೆದರಿಕೆ, ಕೆಲವರಿಗೆ ಸೊಸೆಯ ಹೆದರಿಕೆ. ನನಗೆ ಎರಡೂ ಇಲ್ಲ. ಹಾವು ಕಂಡರೆ ಕೋಲು ಹುಡುಕುತ್ತೇನೆ, ಸೊಸೆ ಕಂಡರೆ ಕೆಲಸ ಹುಡುಕಿ ಕೊಡುತ್ತೇನೆ. ಆದರೆ ನಾಲ್ಕಕ್ಷರದ ಒಂದು ಹೆಸರಿಗೆ ಮಾತ್ರ ನಾನು ಐವತ್ತೆರಡು ವರ್ಷ ಹೆದರಿ ಬಾಳಿದೆ. ಅದು ನನ್ನ ಗಂಡನ ಹೆಸರು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಇದನ್ನು ನನಗೆ ತಿಳಿಸಿದವಳು ನಮ್ಮತ್ತೆ. ನಾನು ಮೊದಲಿನಿಂದಲೂ ಬಾಯಿಬಡುಕಿ. ಮದುವೆಯಾಗಿ ಬಂದ ಮೂರನೆಯ ದಿನವೇ "ಎಷ್ಟು ಕಮ್ಮಿ ಆಕ್ಕೈತ್ರಿ ಅತ್ತಿ?" ಎಂದು ಕೇಳಿದೆ. ಅವಳು ಬೀಸುವ ಕಲ್ಲು ನಿಲ್ಲಿಸಿ, ಸ್ವಲ್ಪ ಯೋಚಿಸಿ, "ಒಮ್ಮೆ ಅಂದ್ರ ಒಂದು ದಿನ" ಎಂದಳು. ಅವಳು ಯೋಚಿಸಿದ್ದನ್ನು ನೋಡಿ ನನಗೆ ನಂಬಿಕೆ ಬಂತು. ಸುಳ್ಳು ಹೇಳುವವರು ಯೋಚಿಸುವುದಿಲ್ಲ ಎಂದು ಆಗ ತಿಳಿದಿದ್ದೆ.

ಇಲ್ಲಿ ಬರೆಯಲು ಅಡ್ಡಿಯಿಲ್ಲ, ಬರೆದರೆ ಹೇಳಿದಂತಲ್ಲ. ಅವರ ಹೆಸರು ಹುಲಗಪ್ಪ. ಹುಲಿಗಿಯ ಅಮ್ಮನಿಗೆ ಅತ್ತೆ ಹರಕೆ ಹೊತ್ತ ಮೇಲೆ ಹುಟ್ಟಿದವರು, ಅದಕ್ಕೆ ಆ ಹೆಸರು. ಅತ್ತೆಗೆ ಮಗ ಸಿಕ್ಕ, ನನಗೆ ತೊಂದರೆ ಸಿಕ್ಕಿತು. ಯಾಕೆಂದರೆ ಗಂಡನ ಹೆಸರು ಹೇಳಬಾರದು ಎಂದ ಮೇಲೆ ಅದರ ವಾಸನೆ ಇರುವ ಮಾತನ್ನೂ ಹೇಳಬಾರದು. ಹುಲಿಗಿ ಎನ್ನುವಂತಿಲ್ಲ, ಹುಲಿ ಎನ್ನುವಂತಿಲ್ಲ. ಹುಲಿ ನಮ್ಮ ಯಲಬುರ್ಗಾದ ಯರೆ ಹೊಲದಲ್ಲಿ ಓಡಾಡುವುದಿಲ್ಲವಾದ್ದರಿಂದ ಅದೊಂದು ಅನುಕೂಲ. ಹುಲಿಗಿಗೆ ಮಾತ್ರ ವರ್ಷಕ್ಕೊಮ್ಮೆಯಾದರೂ ಹೋಗಲೇಬೇಕು. ಒಮ್ಮೆ ನಾನೊಬ್ಬಳೇ ಕೊಪ್ಪಳದಲ್ಲಿ ಬಸ್ಸು ಹತ್ತಿದೆ. ಕಂಡಕ್ಟರ್ "ಎಲ್ಲಿಗಬೇ?" ಎಂದ. "ಅಮ್ಮನ ಗುಡಿಗಿ ಒಂದು ಕೊಡಪಾ" ಎಂದೆ. "ಯಾವ ಅಮ್ಮ? ಎಲ್ಲಾ ಊರಾಗೂ ಒಬ್ಬಾಕಿ ಅಮ್ಮ ಅದಾಳ." "ಹೊಳಿ ದಂಡಿ ಅಮ್ಮ." "ಹೊಳಿ ದಂಡ್ಯಾಗ ಹತ್ತು ಮಂದಿ ಅದಾರ." "ಭಾಳ ದೊಡ್ಡಾಕಿ ಅಮ್ಮ." ಹಿಂದಿನ ಸೀಟಿನ ಹೆಂಗಸೊಬ್ಬಳಿಗೆ ನನ್ನ ಸಂಕಟ ಗೊತ್ತಾಯಿತು. "ಅದ್ರಾಗ ಆಕಿ ಗಂಡನ ಹೆಸರು ಬರತೈತೋ ತಮ್ಮಾ, ಹುಲಿಗಿಗಿ ಒಂದು ಕೊಡು" ಎಂದು ಕೂಗಿ ಹೇಳಿದಳು. ಬಸ್ಸಿನಲ್ಲಿದ್ದವರೆಲ್ಲ ಹಿಟ್ನಾಳ ಬರುವವರೆಗೂ ನಕ್ಕರು. ನನ್ನ ಬಾಯಿಂದ ಬಾರದ ಹೆಸರು ಇಡೀ ಬಸ್ಸಿಗೆ ಗೊತ್ತಾಗಿತ್ತು.

ಹಾಗಾದರೆ ಅವರನ್ನು ಕರೆಯುತ್ತಿದ್ದುದು ಹೇಗೆ ಎಂದು ನೀವು ಕೇಳಬಹುದು. ಒಬ್ಬೊಬ್ಬಳದು ಒಂದೊಂದು ರೀತಿ. ನನ್ನ ಅಕ್ಕ ಕೆಮ್ಮುತ್ತಿದ್ದಳು. ಕೊನೆಗೆ ಅವಳಿಗೆ ನಿಜವಾದ ಕೆಮ್ಮು ಬಂದಾಗ ಭಾವ ನಿಮಿಷಕ್ಕೊಮ್ಮೆ ಬಂದು ನಿಂತು ದಣಿದರು. ಪಕ್ಕದ ಮನೆಯ ದ್ಯಾಮವ್ವ ಮಗನ ಹೆಸರು ಹೇಳಿ, ಅದರ ಕೊನೆಗೆ "ಅವರಪ್ಪಾ" ಎನ್ನುತ್ತಿದ್ದಳು. ನಾನು ಊಟದ ಗಂಗಾಳಕ್ಕೆ ಸವಟಿನಿಂದ ಬಡಿಯುತ್ತಿದ್ದೆ. ಒಂದು ಪೆಟ್ಟು ಬಿದ್ದರೆ ಊಟ. ಎರಡು ಬಿದ್ದರೆ ಯಾರೋ ಬಂದಿದ್ದಾರೆ. ಮೂರು ಬಿದ್ದರೆ ಇದ್ದಲ್ಲಿಂದ ಎದ್ದು ಬರಬೇಕು. ಮನೆಯ ಹಿಂದೆಯೇ ನಮ್ಮ ಹೊಲ. ಅವರು ಎಲ್ಲಿದ್ದರೂ ಬರುತ್ತಿದ್ದರು, ಅವರ ಹಿಂದೆ ಎಮ್ಮೆಯೂ ಬರುತ್ತಿತ್ತು. ಎಮ್ಮೆಗೆ ಹೆಸರಿರಲಿಲ್ಲ, ಗಂಡನಿಗೆ ಹೆಸರಿದ್ದೂ ಇರಲಿಲ್ಲ. ಇಬ್ಬರಿಗೂ ಒಂದೇ ಗಂಗಾಳ ಸಾಕಾಗುತ್ತಿತ್ತು. ಅವರು ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರೇ? "ಬಸಮ್ಮಾ" ಎಂದು ಊರಿಗೆಲ್ಲ ಕೇಳುವಂತೆ ಕರೆಯುತ್ತಿದ್ದರು. ಹೆಂಡತಿಯ ಆಯುಷ್ಯಕ್ಕೆ ಏನೂ ಆಗುವುದಿಲ್ಲವಂತೆ. ಆಗದೇ ಇದ್ದದ್ದನ್ನು ನೀವೇ ನೋಡುತ್ತಿದ್ದೀರಿ, ನಾನಿನ್ನೂ ಕೂತಿದ್ದೇನೆ.

ಇದೆಲ್ಲ ಈಗ ಯಾಕೆ ನೆನಪಾಯಿತು ಎಂದರೆ, ಜರ್ಮನ್ ಭಾಷೆಯಿಂದಾಗಿ. ನಗಬೇಡಿ. ನನ್ನ ಮೊಮ್ಮಗಳು ಪಲ್ಲವಿ ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ನರ್ಸ್. ಜರ್ಮನಿ ದೇಶದಲ್ಲಿ ಮುದುಕರು ಹೆಚ್ಚಾಗಿ ಅವರನ್ನು ನೋಡಿಕೊಳ್ಳುವವರು ಕಡಿಮೆಯಾಗಿದ್ದಾರಂತೆ, ಭಾಷೆ ಕಲಿತು ಹೋದ ನರ್ಸ್‌ಗಳಿಗೆ ಕೆಲಸವಂತೆ. ಇವಳು ಮೊಬೈಲಿನಲ್ಲಿ ತರಗತಿ ಸೇರಿದಳು. ಭಾನುವಾರ ಬಸ್ಸು ಹಿಡಿದು ಮನೆಗೆ ಬಂದರೆ ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಅಡುಗೆಮನೆಯಲ್ಲಿ ನನ್ನ ಎದುರು ಕೂಡುತ್ತಾಳೆ. ಪುಟಕ್ಕೆ ಮೂರು ಮನೆ ಗೀಟು. ಮೊದಲನೆಯದರಲ್ಲಿ ಜರ್ಮನ್ ಕ್ರಿಯಾಪದ, ಎರಡನೆಯದರಲ್ಲಿ ಅದರ ಇಂಗ್ಲಿಷ್ ಅರ್ಥ, ಮೂರನೆಯದರಲ್ಲಿ ಉದಾಹರಣೆಗೆ ಒಂದು ವಾಕ್ಯ. ಪುಸ್ತಕದ ವಾಕ್ಯವನ್ನು ನಕಲು ಮಾಡುವಂತಿಲ್ಲ. ಮನೆಯ ಮಾತೇ ಆಗಬೇಕು, ನಿಜವೂ ಆಗಿರಬೇಕು, ಆಗ ಮಾತ್ರ ತಲೆಯಲ್ಲಿ ಕೂಡುತ್ತದೆ ಎಂದು ಅವಳ ಮೇಡಂ ಕಟ್ಟುನಿಟ್ಟು ಮಾಡಿದ್ದಾಳೆ. ಪಲ್ಲವಿಗೆ ನಿಜ ಎಲ್ಲಿಂದ ಬರಬೇಕು? ಅದಕ್ಕೆ ನನ್ನನ್ನು ಕೇಳುತ್ತಾಳೆ.

ಮೂರನೇ ಇಯತ್ತೆ ದಾಟದ ನಾನು ಹೀಗೆ ಜರ್ಮನ್ ಪಂಡಿತಳಾದೆ. ಕೊಖೆನ್ ಎಂದರೆ ಇಂಗ್ಲಿಷಿನಲ್ಲಿ ಟು ಕುಕ್, ಅಡುಗೆ ಮಾಡುವುದು. "ನಿಮ್ಮವ್ವ ಅಡಿಗಿ ಮಾಡತಾಳ, ಉಪ್ಪು ಜಾಸ್ತಿ ಹಾಕತಾಳ" ಎಂದು ವಾಕ್ಯ ಕೊಟ್ಟೆ. ಹಿತ್ತಲಲ್ಲಿದ್ದ ಸೊಸೆಗೆ ಕೇಳಿಸಿ ಎರಡು ದಿನ ಉಪ್ಪೇ ಹಾಕಲಿಲ್ಲ. ಶ್ಲಾಫೆನ್ ಎಂದರೆ ಟು ಸ್ಲೀಪ್. "ನಿಮ್ಮಪ್ಪ ಆಫೀಸಿನ್ಯಾಗ ನಿದ್ದಿ ಮಾಡತಾನ" ಎಂದೆ. ನನ್ನ ಮಗ ಇಲ್ಲೇ ತಾಲೂಕಿನ ಒಂದು ಕಚೇರಿಯಲ್ಲಿ ಜವಾನ. ಎರಡೂ ವಾಕ್ಯ ಸರಿ ಎಂದು ಮೇಡಂ ಗುರುತು ಹಾಕಿ ಕಳಿಸಿದಳು. ನಮ್ಮ ಮನೆಯ ಮಾನ ಹೀಗೆ ಒಂದೊಂದು ಕ್ರಿಯಾಪದಕ್ಕೆ ಒಂದೊಂದು ತುಂಡಾಗಿ ಹೋಗುತ್ತಿತ್ತು. ನನಗೆ ಖುಷಿಯೇ ಆಗಿತ್ತು, ಯಾಕೆಂದರೆ ಅಲ್ಲಿಯವರೆಗೆ ಹೋಗಿದ್ದು ಬೇರೆಯವರ ಮಾನ.

ಹೋದ ತಿಂಗಳು ಒಂದು ಭಾನುವಾರ ನಾನು ರೊಟ್ಟಿ ಬಡಿಯುತ್ತಿದ್ದೆ.

"ಆಯಿ, ಇನ್ನೊಂದು ವಾಕ್ಯ ಹೇಳಬೇ. ರೂಫೆನ್."

"ಅದು ಹೊಟ್ಟಿಗಿ ತಿನ್ನೋದೋ, ಮೈಗಿ ಹಚ್ಚೋದೋ?"

"ಇಂಗ್ಲಿಷಿನ್ಯಾಗ ಟು ಕಾಲ್. ಕರಿಯೋದು."

"ಫೋನ್ ಹಚ್ಚೋದೇನು?"

"ಅಲ್ಲ. ಇಂಗ್ಲಿಷಿನ್ಯಾಗ ಎರಡಕ್ಕೂ ಕಾಲ್ ಅಂದ್ರ ನಡೀತೈತಿ. ಜರ್ಮನ್‌ದಾಗ ಫೋನಿಗಿ ಬ್ಯಾರೆ ಐತಿ. ಇದು ಬಾಯಿ ತಗದು, ಕೂಗಿ ಕರಿಯೋದು."

"ಹಂಗಾದ್ರ ಬರಕೋ. ನಾನು ಎಮ್ಮಿನ್ನ ಕರೀತೀನಿ."

"ಎಮ್ಮಿನ್ನ ನೀ ಎಲ್ಲಿ ಕರೀತಿ? ಗಂಗಾಳ ಬಡೀತಿ. ಉದಾಹರಣಿ ಖರೇ ಇರಬೇಕು." ಪೆನ್ನನ್ನು ಗಲ್ಲಕ್ಕೆ ಒತ್ತಿಕೊಂಡು ಯೋಚಿಸಿದಳು. "ತಡಿ, ಪುಸ್ತಕದಾಗ ಒಂದು ಐತಿ. ಇಶ್ ರೂಫೆ ಮೈನೆನ್ ಮಾನ್. ಐ ಕಾಲ್ ಮೈ ಹಸ್ಬೆಂಡ್. ನಾನು ನನ್ನ ಗಂಡನ್ನ ಕರೀತೀನಿ. ಅದನ್ನ ಅಜ್ಜನ ಹೆಸರು ಹಾಕಿ ಬರೀತೀನಿ, ನಿನ್ನ ಮಾತು ಅಂತ. ನೀ ಅಜ್ಜನ್ನ ಕರಿಯೋವಾಗ ಹೆಂಗ ಕರೀತಿದ್ದಿ?"

"ಬರಿಬ್ಯಾಡ. ಅದು ಸುಳ್ಳು."

"ಐವತ್ತೆರಡು ವರ್ಷದಾಗ ಒಮ್ಮೆರೆ ಕರದಿಲ್ಲೇನು?"

ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ನಾನು ಅದನ್ನು ತಿರುವಿ ಹಾಕುವುದರಲ್ಲಿ ಇದ್ದಂತೆ ಮಾಡಿದೆ. ಕೊಡಬೇಕಾಗಿದ್ದ ಉತ್ತರ ಇಷ್ಟುದ್ದ ಇದೆ, ರೊಟ್ಟಿ ಬಡಿಯುತ್ತ ಹೇಳಿ ಮುಗಿಯುವುದಿಲ್ಲ.

ನಿಜ ಹೇಳಬೇಕೆಂದರೆ ಒಮ್ಮೆ ಹೇಳಿದ್ದೆ. ಮದುವೆಯಾಗಿ ಗಂಡನ ಮನೆಗೆ ಬಂದ ದಿನ ನಾದಿನಿ ಹೊಸ್ತಿಲಿಗೆ ಅಡ್ಡ ನಿಂತು ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಳು. ಆಗ ಒಡಪು ಕಟ್ಟಿ ಹೇಳಬೇಕು. ಹಾಡಿನಂತೆ ಎರಡು ಸಾಲು ಹೇಳಿ ಅದರ ಬಾಲಕ್ಕೆ ಗಂಡನ ಹೆಸರು ಕಟ್ಟುವುದು. ಒಡಪಿನಲ್ಲಿ ಹೇಳಿದರೆ ಆಯುಷ್ಯಕ್ಕೆ ಲೆಕ್ಕವಿಲ್ಲ. ನಾನು ಬಂಡಿಯಲ್ಲಿ ಬರುವಾಗಲೇ ಕಟ್ಟಿಕೊಂಡಿದ್ದೆ: "ಯರಿ ಹೊಲದಾಗ ಬಿಳಿಜ್ವಾಳ ತೂಗ್ಯಾವ, ಹೊಸ್ತಿಲ ಮ್ಯಾಲ ನಾದಿನಿ ಕೂಗ್ಯಾಳ, ಹುಲಗಪ್ಪನ ಹೆಸರ ಹೇಳೀನಿ, ಹಾದಿ ಬಿಡ್ರಿ." ಕಾಲು ಸೋತಿತ್ತು, ಹಸಿವಾಗಿತ್ತು, ಒಂದೇ ಉಸಿರಿಗೆ ಒದರಿ ಒಳಗೆ ಹೋದೆ. ಮಂದಿ ನಕ್ಕು ಗದ್ದಲ ಮಾಡಿದರು. ಆಮೇಲೆ ನನ್ನ ಗಂಡ ವರ್ಷಗಟ್ಟಲೆ ಅದನ್ನೇ ಹಿಡಿದುಕೊಂಡರು. "ಗದ್ದಲದಾಗ ನನಗ ಕೇಳಲಿಲ್ಲ. ಇನ್ನೊಮ್ಮೆ ಅನ್ನು." ನಾನು ಗಂಗಾಳ ಬಡಿದು "ಊಟಕ್ಕ ಬರ್ರಿ" ಎನ್ನುತ್ತಿದ್ದೆ.

ನಲವತ್ತು ದಾಟಿದ ಮೇಲೆ ನಾನು ಅಕ್ಷರ ಕಲಿತೆ. ಬಾಲ್ಯದಲ್ಲಿ ಕಲಿತಿದ್ದೆಲ್ಲ ಸೆಗಣಿಯ ಜೊತೆ ತಿಪ್ಪೆಗೆ ಹೋಗಿತ್ತು. ಶಾಲೆಯ ಜಗಲಿಯಲ್ಲಿ ಮಧ್ಯಾಹ್ನ ಹೆಂಗಸರಿಗೆ ಕಲಿಸುತ್ತಿದ್ದರು. ಎಲ್ಲರೂ ತಮ್ಮ ಹೆಸರು ಬರೆಯಿರಿ ಎಂದರು ಮಾಸ್ತರು. ಮಿಕ್ಕವರು ತಮ್ಮ ಹೆಸರು ಬರೆದರು, ನಾನು ಹುಲಗಪ್ಪ ಎಂದು ಬರೆದೆ. "ಇದ್ಯಾರ್ದಮ್ಮ ಹೆಸರು?" ಎಂದರು. "ಹೇಳಾಕ ಬರಂಗಿಲ್ರಿ ಸರ, ಅದಕ್ಕ ಬರದೀನಿ" ಎಂದೆ. ಪಾಟಿಯನ್ನು ಒರೆಸದೆ ಮನೆಗೆ ತಂದು ಅವರ ಮುಂದೆ ಹಿಡಿದೆ. ಅವರು ನಾಲ್ಕನೇ ಇಯತ್ತೆ ಓದಿದವರು. ಓದಿದರು. ಮೀಸೆಯೊಳಗೆ ನಕ್ಕರು. "ಕೈಲೆ ಬಂತು. ಬಾಯಿಲೆ ಯಾವಾಗ?"

"ಬಾಯಿಲೆ ಅಂದ್ರ ನಿಮ್ಮ ಆಯುಷ್ಯದಾಗ ಒಂದು ದಿನ ಹೋಗತೈತಿ."

"ಹೋದ್ರ ಹೋಗ್ಲಿ. ಒಂದು ದಿನ ನಿನಗ ಕೊಟ್ಟೀನಿ. ಅನ್ನು."

ಸಿನಿಮಾದ ಗಂಡಸರಂತೆ ಮಾತಾಡುತ್ತಾರೆ ಎಂದು ನನಗೆ ನಾಚಿಕೆಯಾಗಿ ಬೈದುಬಿಟ್ಟೆ. ಅವರು ಪಾಟಿಯನ್ನು ಗೂಟಕ್ಕೆ ತೂಗುಹಾಕಿದರು. ಸುಣ್ಣ ಹಚ್ಚುವಾಗ ನಾನೇ ಇಳಿಸಿ, ಒರೆಸಿ, ಜೋಳದ ಹಸುಬೆ ಚೀಲದ ಕೆಳಗೆ ಇಟ್ಟೆ. ಬಾಯಿಂದ ಹೇಳಲು ಇನ್ನೂ ಬೇಕಾದಷ್ಟು ದಿನವಿದೆ ಎಂದುಕೊಂಡೆ. ದಿನ ಉಳಿಸಿ ಉಳಿಸಿ ಇಟ್ಟವಳಲ್ಲವೇ ನಾನು.

ಎಪ್ಪತ್ತೈದು ದಾಟಿದ ಮೇಲೆ ಅವರಿಗೆ ಮರೆವು ಶುರುವಾಯಿತು. ಮೊದಲು ಚಪ್ಪಲಿ ಮರೆತರು, ಆಮೇಲೆ ಊಟ ಮಾಡಿದ್ದು, ಆಮೇಲೆ ಗಂಗಾಳದ ಸದ್ದು. ನಾನು ಬಡಿದರೆ ಎಮ್ಮೆ ಬರುತ್ತಿತ್ತು, ಅವರು ಕೂತಲ್ಲೇ ಕೂತು "ಯಾರೋ ಭಾಂಡಿ ರಿಪೇರಿಯವ ಬಂದಾನ ನೋಡು" ಎನ್ನುತ್ತಿದ್ದರು. ಪಲ್ಲವಿ ಆಗಿನ್ನೂ ನರ್ಸಿಂಗ್ ಓದುತ್ತಿದ್ದಳು. "ಆಯಿ, ಮರೆವು ಬಂದವರಿಗೆ ಅವರ ಹೆಸರು ಎಲ್ಲಕ್ಕಿಂತ ಆಮ್ಯಾಲೆ ಮರೆಯೋದು. ಹೆಸರು ಹಿಡಿದು ಕರಿ, ತಿರುಗಿ ನೋಡ್ತಾರ" ಎಂದಳು. ನಾನು ಅವಳ ಬಾಯಿ ಮುಚ್ಚಿಸಿದೆ. ಉಳಿದಿರುವುದೇ ನಾಲ್ಕು ದಿನ, ಅದರಲ್ಲಿ ಒಂದೊಂದನ್ನು ನಾನೇ ಕಳೆಯಲೇ? ನನ್ನ ಲೆಕ್ಕ ನನಗೆ ಬಹಳ ಸರಿಯಾಗಿ ಕಾಣಿಸುತ್ತಿತ್ತು.

ಆ ವರ್ಷವೇ ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಅವರು ಕಳೆದುಹೋದರು. ನನ್ನ ತಂಗಿಯ ಮನೆಗೆ ಹೋಗಿ ಮರಳುತ್ತಿದ್ದೆವು. "ಇಲ್ಲೇ ಕುಂದರ್ರಿ, ನೀರು ತುಂಬಿಕೊಂಡು ಬರ್ತೀನಿ" ಎಂದು ಹೇಳಿ ನಳದ ಹತ್ತಿರ ಹೋದೆ. ಬರುವಷ್ಟರಲ್ಲಿ ಬೆಂಚು ಖಾಲಿ. ಗಂಗಾವತಿಗೆ ಹೋಗುವ ಬಸ್ಸು ಹೊರಡುತ್ತಿತ್ತು, ಅದರಲ್ಲಿ ಹತ್ತಿದರೋ ಏನೋ. ಓಡಿ ನೋಡಿದೆ, ಇರಲಿಲ್ಲ. ನಡುವೆ ನಿಂತು "ಏನ್ರೀ!" ಎಂದು ಕೂಗಿದೆ. ನಿಲ್ದಾಣದಲ್ಲಿದ್ದ ಮದುವೆಯಾದ ಗಂಡಸರೆಲ್ಲ ತಿರುಗಿ ನೋಡಿದರು. ಒಬ್ಬ ಮುದುಕ ಎದ್ದೇ ಬಂದು "ಏನಬೇ?" ಎಂದ. "ನೀನಲ್ಲ, ಹೋಗು" ಎಂದೆ. ಬುತ್ತಿ ಡಬ್ಬಿಯ ಮುಚ್ಚಳ ತೆಗೆದು ಕಬ್ಬಿಣದ ಬೆಂಚಿಗೆ ಮೂರು ಪೆಟ್ಟು ಹಾಕಿದೆ. ಮಂದಿ ನನ್ನ ಮುಂದೆ ನಾಣ್ಯ ಹಾಕಲು ಬಂದರು.

ಕೊನೆಗೆ ಕಂಟ್ರೋಲರ್ ಕೋಣೆಯ ಕಿಟಕಿಗೆ ಹೋದೆ. ಅವನು ಒಳ್ಳೆಯ ಮನುಷ್ಯ. "ಹೆಸರು ಹೇಳ್ರಿ ಅಮ್ಮಾ, ಮೈಕಿನ್ಯಾಗ ಕೂಗತೀನಿ, ಎಲ್ಲಿದ್ರೂ ಬರ್ತಾರ."

"ಯಲಬುರ್ಗಾದವರು ಅನ್ರಿ."

"ಇಲ್ಲಿ ಅರ್ಧ ಮಂದಿ ಯಲಬುರ್ಗಾದವರೇ ಅದಾರ. ಹೆಸರು?"

"ಬಿಳಿ ಧೋತರ, ಹಸಿರು ಟವೆಲ್ ಅನ್ರಿ."

"ಅಮ್ಮಾ, ಮನುಷ್ಯಾಗ ಹೆಸರು ಇರ್ತೈತಲ್ಲ?"

"ಐತ್ರಿ. ನನ್ನ ಬಾಯಾಗ ಬರಂಗಿಲ್ಲ."

ಅವನಿಗೆ ತಿಳಿಯಿತು. ಅವನ ತಾಯಿಯೂ ಹಾಗೆಯೇ ಇರಬೇಕು. ನಗದೆ ಒಂದು ಹಾಳೆ, ಪೆನ್ನು ಮುಂದೆ ತಳ್ಳಿದ. ಬರೆಯಲು ನನಗೆ ಎಷ್ಟು ಹೊತ್ತಾಯಿತೆಂದರೆ ನನ್ನ ಹಿಂದೆ ಐದಾರು ಜನರ ಸಾಲು ನಿಂತಿತು. ಅವನು ಓದಿ ಮೈಕಿನಲ್ಲಿ "ಹುಲಗಪ್ಪ, ಯಲಬುರ್ಗಾ" ಎಂದ. ಒಮ್ಮೆ ಮಾತ್ರ. ಅಲ್ಲೇ ಹತ್ತು ಹೆಜ್ಜೆಯ ಮೇಲೆ, ಕಂಬದ ಹಿಂದೆ, ತಲೆಯ ಮೇಲೆ ಟವೆಲ್ ಹೊದ್ದು ಕೂತಿದ್ದ ಒಬ್ಬರು ಎದ್ದು ನಿಂತು, ಕೈ ಮೇಲೆತ್ತಿ, ಶಾಲೆಯಲ್ಲಿ ಹಾಜರಿ ಕೂಗಿದಾಗ ಹೇಳುವಂತೆ ಗಟ್ಟಿಯಾಗಿ "ಹಾಜರ್ ಸರ್!" ಎಂದರು.

ಇಡೀ ನಿಲ್ದಾಣ ನಕ್ಕಿತು, ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ನಗು ಇಳಿಯಿತು. ನಾನು ಎರಡು ಸಲ ಆ ಕಂಬದ ಮುಂದೆಯೇ ಓಡಿದ್ದೆ. ಒಂದೇ ಮಾತಿಗೆ ಅವರು ಏಳುತ್ತಿದ್ದರು. ಗುರುತಿಲ್ಲದ ಗಂಡಸೊಬ್ಬ ಕರೆದರೆ ಎದ್ದು ನಿಂತರು, ನನಗೆ ಮಾತ್ರ ಸಿಗಲಿಲ್ಲ. ಅಂದಾದರೂ ನನಗೆ ಬುದ್ಧಿ ಬರಬೇಕಾಗಿತ್ತು. ಮನೆಗೆ ಬಂದವಳೇ ನಾನು ಮಾಡಿದ್ದೇನು ಗೊತ್ತೇ? ಮೊದಲಿನದಕ್ಕಿಂತ ದೊಡ್ಡದೊಂದು ಗಂಗಾಳ ತಂದೆ.

ಇನ್ನೊಂದು ಸಂಗತಿ ಉಳಿದಿದೆ. ಅದನ್ನು ಹೇಳದೆ ಬಿಡಬಹುದಾಗಿತ್ತು, ಆದರೆ ಉದಾಹರಣೆ ನಿಜ ಇರಬೇಕಂತಲ್ಲ.

ಅದಾಗಿ ಎಂಟು ಹತ್ತು ತಿಂಗಳಿಗೆ, ಒಂದು ಬೆಳಿಗ್ಗೆ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಅವರು ಬಾಗಿಲಲ್ಲಿ ಬಿಸಿಲಿಗೆ ಕೂತಿದ್ದರು. ತಿರುಗಿ ನನ್ನನ್ನು ಬಹಳ ಹೊತ್ತು ನೋಡಿದರು. ಕಣ್ಣು ತಿಳಿಯಾಗಿತ್ತು, ಅಷ್ಟು ತಿಳಿಯಾಗಿ ಎಷ್ಟೋ ದಿನದಿಂದ ಕಂಡಿರಲಿಲ್ಲ.

"ಬಸಮ್ಮಾ, ನನ್ನ ಹೆಸರ್ಯಾನು?"

ನನ್ನ ಹೆಸರು ನೆನಪಿತ್ತು ಅವರಿಗೆ. ತಮ್ಮದು ಹೋಗಿತ್ತು.

"ನಿಮಗ ಗೊತ್ತಿಲ್ಲೇನ್ರಿ?"

"ಮರ್ತೀನಿ. ನೀ ಹೇಳು."

ನೀವಾದರೆ ಹೇಳುತ್ತಿದ್ದಿರಿ. ನಾನು ರೊಟ್ಟಿ ಬಡಿಯುವ ಮರದ ಕೊಣಮಿಗೆಯಲ್ಲಿ ಒಣಹಿಟ್ಟು ಹರವಿ, ಬೆರಳಿನಿಂದ ಹುಲಗಪ್ಪ ಎಂದು ಬರೆದು, ಎತ್ತಿಕೊಂಡು ಹೋಗಿ ಅವರ ಮುಂದೆ ಹಿಡಿದೆ. ಅವರು ಅದನ್ನು ನೋಡಿದರು. ಓದುವುದೂ ಹೋಗಿತ್ತು. ಅಂಗೈಯಿಂದ ಹಿಟ್ಟನ್ನು ಮೆಲ್ಲಗೆ ಸವರಿ ಸಮ ಮಾಡಿ, "ಹೇಳು" ಎಂದರು ಮತ್ತೆ.

ಆಗ ನಾನು ಓಡಿದೆ. ಹಿಟ್ಟಿನ ಕೈಯಲ್ಲೇ ಪಕ್ಕದ ಮನೆಗೆ ಓಡಿ, ಕಸ ಹೊಡೆಯುತ್ತಿದ್ದ ದ್ಯಾಮವ್ವನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದೆ. "ಲಗೂನ ಬಾರಬೇ, ಅವರು ಹೆಸರು ಕೇಳಾಕ ಹತ್ಯಾರ, ನೀ ಹೇಳು." ಅವಳು ಕಸಬರಿಗೆ ಹಿಡಿದೇ ಬಂದಳು. ಅವರ ಮುಂದೆ ಬಾಗಿ, ದೊಡ್ಡ ದನಿಯಲ್ಲಿ, "ಹುಲಗಪ್ಪಣ್ಣಾ! ನಿನ್ನ ಹೆಸರು ಹುಲಗಪ್ಪ!" ಎಂದಳು.

ಅವರು ಅವಳನ್ನು ನೋಡಲೇ ಇಲ್ಲ. ನನ್ನನ್ನು ನೋಡಿದರು.

"ನಾ ಈಕಿನ್ನ ಕೇಳಿದ್ನೇನು? ನಿನ್ನ ಕೇಳಿದ್ನಿ."

ಆಮೇಲೆ ಬಿಸಿಲಿನ ಕಡೆ ಮುಖ ತಿರುಗಿಸಿದರು. ಕಣ್ಣು ಮತ್ತೆ ಮಸುಕಾಯಿತು. ದ್ಯಾಮವ್ವ ಕಸಬರಿಗೆ ತೆಗೆದುಕೊಂಡು ಹೋದಳು. ಅವರು ಇನ್ನೊಮ್ಮೆ ಕೇಳಿದರೆ ಹೇಳಿಬಿಡಬೇಕು ಎಂದು ಅಂದು ಮಧ್ಯಾಹ್ನ ಗಟ್ಟಿ ಮಾಡಿಕೊಂಡೆ. ಕೇಳಲಿಲ್ಲ. ಜೋಳದ ರಾಶಿ ಮುಗಿದ ವಾರ ಹೋದರು. ನಾನು ಒಂದು ದಿನವನ್ನೂ ಕಡಿಮೆ ಮಾಡದೆ ಪೂರ್ತಿ ಆಯುಷ್ಯ ಕೊಟ್ಟು ಕಳಿಸಿದೆ. ಆ ಉಳಿಸಿದ ದಿನಗಳಲ್ಲಿ ಅವರಿಗೆ ತಾವು ಯಾರೆಂಬುದೇ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು. ಆಮೇಲೆ ಕಚೇರಿಯಲ್ಲಿ ತೀರಿಕೊಂಡವರ ಹೆಸರು ಕೇಳಿದಾಗಲೂ ಬರೆದೇ ಕೊಟ್ಟೆ. ಇನ್ನೇನು ಕಡಿಮೆಯಾಗುವುದಿತ್ತು ಎಂದು ನನ್ನನ್ನು ಕೇಳಬೇಡಿ. ರೂಢಿಗೆ ಸತ್ತವರು ಬದುಕಿದವರು ಗೊತ್ತಾಗುವುದಿಲ್ಲ.

ಇಷ್ಟು ಉತ್ತರವನ್ನು ನಾನು ಪಲ್ಲವಿಗೆ ಆ ಭಾನುವಾರ ಊಟವಾದ ಮೇಲೆ ಹೇಳಿದೆ. ಕಣ್ಣೀರು ಹಾಕುತ್ತಾಳೇನೋ, ಹಾಕಿದರೆ ಬೈಯಬೇಕು ಎಂದುಕೊಂಡಿದ್ದೆ. ಹಾಕಲಿಲ್ಲ. ನರ್ಸ್ ಅಲ್ಲವೇ. ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು.

"ಆಯಿ, ಅಲ್ಲಿ ಜರ್ಮನಿಯಾಗ ಮುದುಕರ ಕೋಣಿಗಿ ಹೋಗೋವಾಗ ಮೊದಲು ಅವರ ಹೆಸರು ಹಿಡಿದು ಕರೀಬೇಕಂತ. ಹೋದಾಗೊಮ್ಮೆ. ಅವರಿಗಿ ನೆನಪು ಇರಲಿ ಬಿಡಲಿ. ಅದು ಅಲ್ಲಿ ಕೆಲಸದ ನಿಯಮ."

"ಅಂದ್ರ ದಿನಕ್ಕ ನೂರು ಸಲ ಮಂದಿ ಗಂಡಂದಿರ ಹೆಸರು ಹೇಳಾಕಿ ನೀನು."

"ಹೂಂ."

"ಹೇಳು. ನಮ್ಮ ಮನ್ಯಾಗ ಹೇಳದ ಉಳಿಸಿದ್ದು ಭಾಳ ಐತಿ."

ಅವಳು ನೋಟ್‌ಬುಕ್ ಎಳೆದುಕೊಂಡಳು. "ಹಂಗಾದ್ರ ನಿಜವಾದ ವಾಕ್ಯ ಬರಿಯಲಾ?" ಎಂದು ಕೇಳಿದಳು. ಬರಿ ಎಂದೆ. ಬರೆದು ಓದಿದಳು. "ಮೈನೆ ಓಮಾ ರೀಫ್ ಈನ್ ನಿಶ್ಟ್. ಮೈ ಗ್ರ್ಯಾಂಡ್‌ಮದರ್ ಡಿಡ್ ನಾಟ್ ಕಾಲ್ ಹಿಮ್. ನಮ್ಮ ಆಯಿ ಅವರನ್ನ ಕರೀಲಿಲ್ಲ." ಐವತ್ತೆರಡು ವರ್ಷದ ಸಂಸಾರ ಅರ್ಧ ಗೀಟಿನಲ್ಲಿ ಹಿಡಿಸಿತ್ತು, ಇನ್ನೂ ಜಾಗ ಉಳಿದಿತ್ತು. ಫೋಟೋ ತೆಗೆದು ಮೇಡಂಗೆ ಕಳಿಸಿದಳು. 'ಸರಿ, ತಪ್ಪೇನೂ ಇಲ್ಲ' ಎಂದು ಉತ್ತರ ಬಂತು. ಆ ಮೇಡಂಗೆ ಜರ್ಮನ್ ಬರುತ್ತದೆ, ಉಳಿದದ್ದು ಬರಬೇಕೆಂದೇನಿಲ್ಲ.

ಮರುದಿನ ಬೆಳಿಗ್ಗೆ ಪಲ್ಲವಿ ಕೊಪ್ಪಳದ ಬಸ್ಸಿಗೆ ಹೋದ ಮೇಲೆ ನಾನು ಹಿತ್ತಲಿಗೆ ಹೋದೆ. ಸೊಸೆ ನಳಕ್ಕೆ ಹೋಗಿದ್ದಳು, ಮಗ ಕಚೇರಿಗೆ ಹೋಗಿದ್ದ, ದ್ಯಾಮವ್ವ ಕಾಣಿಸಲಿಲ್ಲ. ಹೊಲದ ಕಡೆ ಮುಖ ಮಾಡಿ ನಿಂತು ಬಾಯಿ ತೆಗೆದೆ. ಮೊದಲ ಸಲ ಗಾಳಿ ಬಂತು, ಹೆಸರು ಬರಲಿಲ್ಲ. ಎರಡನೆಯ ಸಲ ಬಂತು. "ಹುಲಗಪ್ಪಾ." ಅಷ್ಟೇ. ಗಂಟಲು ನೋಯಲಿಲ್ಲ, ನಾಲಿಗೆ ತೊಡರಲಿಲ್ಲ, ಆಕಾಶ ಬೀಳಲಿಲ್ಲ. ನಾಲ್ಕೇ ಅಕ್ಷರ, ಒಂದು ಆಕಳಿಕೆಯಷ್ಟು ಹೊತ್ತು ಸಾಕು. ಕಷ್ಟವಾಗಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಇಷ್ಟು ಸುಲಭ ಎಂಬುದಕ್ಕೇ ನನಗೆ ನನ್ನ ಮೇಲೆ ಸಿಟ್ಟು.

ಅಂದಿನಿಂದ ದಿನಾ ಮುಂಜಾನೆ ಎಮ್ಮೆಗೆ ಮೇವು ಒಯ್ಯುವಾಗ ಒಮ್ಮೆ ಕೂಗುತ್ತೇನೆ. ಸವಟು, ಗಂಗಾಳ ಎತ್ತಿಟ್ಟಿದ್ದೇನೆ. ನಾನು ಕೂಗುವುದು ಯಾರನ್ನೋ, ಆದರೆ ಮೇವಿನ ಹೊತ್ತಿಗೇ ಕೂಗುವುದರಿಂದ ಎಮ್ಮೆ ಅದನ್ನು ತನ್ನ ಹೆಸರೆಂದು ಹಿಡಿದಿದೆ. ಈಗ ಹುಲಗಪ್ಪಾ ಎಂದರೆ ಹೊಲದ ಆಚೆ ತುದಿಯಿಂದ ಕತ್ತೆತ್ತಿ ಓಡಿ ಬರುತ್ತದೆ. ಮೊನ್ನೆ ಗೋಡೆಯ ಮೇಲಿಂದ ದ್ಯಾಮವ್ವ "ಏನಬೇ ಬಸಮ್ಮಕ್ಕ, ಎಮ್ಮಿಗಿ ಗಂಡನ ಹೆಸರಿಟ್ಟೀಯಂತ, ಅದೂ ಹೆಣ್ಣಿಗಿ" ಎಂದಳು. ಕರೆದರೆ ಬರುತ್ತದೆ ಎಂಬುದನ್ನು ನೋಡುವುದಕ್ಕೆ ಇಟ್ಟಿದ್ದೇನೆ ಎಂದೆ.

ದಿನಕ್ಕೊಮ್ಮೆಯಂತೆ ಹತ್ತಿರ ಹತ್ತಿರ ಮೂವತ್ತು ಸಲ ಕರೆದಿದ್ದೇನೆ. ನಮ್ಮತ್ತೆಯ ಲೆಕ್ಕದಲ್ಲಿ ಆ ಎಮ್ಮೆಯ ಆಯುಷ್ಯದಲ್ಲಿ ಒಂದು ತಿಂಗಳು ಹೋಗಿರಬೇಕು. ದಿನಾ ಬೆಳಿಗ್ಗೆ ಹಲ್ಲು, ಕಣ್ಣು, ಮೈ ಎಲ್ಲಾ ನೋಡುತ್ತೇನೆ. ಹಾಳಾದದ್ದು ಮೊದಲಿಗಿಂತ ದಪ್ಪವಾಗಿದೆ.